ಇವತ್ತಿನ ಭೇಟಿ ಮುಗಿದಿದೆ

"ಕ್ವಾಕ್ ಮನ್-ಹಿಮ್ ಅವರನ್ನ ನೋಡೋಕಾ? ಇವತ್ತಿನ ಭೇಟಿ ಮುಗಿದಿದೆ. ನಾಳೆ ಬನ್ನಿ."

ಕಿಟಕಿಯ ಹಿಂದಿದ್ದ ಬಂದೀಖಾನೆಯ ಸಿಬ್ಬಂದಿ ತಲೆ ಕೂಡ ಎತ್ತಲಿಲ್ಲ. ಹೋಯ್‌ಲಾಮ್ ಚಾಚಿದ್ದ ಗುರುತಿನ ಚೀಟಿ ಅವಳ ಕೈಯಲ್ಲೇ ಉಳಿಯಿತು.

"ಮುಗಿದಿದೆ ಅಂದ್ರೆ? ಯಾರು ಬಂದಿದ್ರು?"

"ಅದೆಲ್ಲ ಹೇಳೋ ಹಾಗಿಲ್ಲ. ದಿನಕ್ಕೆ ಒಂದೇ ಭೇಟಿ. ಮುಂದಿನವರು!"

ಅಷ್ಟರಲ್ಲಿ ಒಳಗಿನ ಬಾಗಿಲು ತೆರೆಯಿತು. ಗಿಡ್ಡ ಕೂದಲು, ಕೆಂಪು ಜಾಕೆಟ್‌ನ ಹೆಣ್ಣೊಬ್ಬಳು ಹೊರಗೆ ಬಂದಳು. ಕಣ್ಣಿನ ಅಂಚು ಒದ್ದೆ, ತುಟಿಯ ಮೇಲೆ ನಗು. ಸಾಲಿನಲ್ಲಿದ್ದ ಮುದುಕಿಯ ಹೆಗಲು ತಟ್ಟಿ, "ಇವತ್ತು ಆ-ಹಿಮ್‌ನ ನಗಿಸಿಬಿಟ್ಟೆ ಕಣಜ್ಜಿ!" ಎಂದಳು.

ಮನ್-ಹಿಮ್ ಅಂತಲ್ಲ, ಸಲಿಗೆಯಿಂದ ಆ-ಹಿಮ್ ಅಂತೆ! ಆ-ಹಿಮ್!

ಹೋಯ್‌ಲಾಮ್‌ಳ ಕಾಲು ತಾನಾಗಿಯೇ ಅವಳಿಗೆ ಅಡ್ಡ ಹೋಗಿ ನಿಂತಿತು.

"ಯಾರ್ರೀ ನೀವು?"

ಆ ಹೆಣ್ಣು ಇವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಒಂದು ಕ್ಷಣ ಏನೋ ನೆನಪಾದವಳಂತೆ ಕಣ್ಣು ಕಿರಿದಾಯಿತು.

"ಟಾಂಗ್ ಪುಯ್‌ಶಾನ್. ಅವನ ಪತ್ರಿಕೇಲಿ ಫೋಟೋ ತೆಗೀತಿದ್ದೆ. ನೀವು?"

ನಾನು ಅವನ... ಅವನ ಏನು? ಮದುವೆಯಾಗಿಲ್ಲ. ಉಂಗುರವಿಲ್ಲ. ಸುತ್ತಮುತ್ತ ಎಷ್ಟೋ ಕಿವಿಗಳು.

"ಪರಿಚಯದವಳು," ಎಂದಳು. ಹೇಳಿದ ಮರುಕ್ಷಣ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

"ಬರೀ ಪರಿಚಯ ಅಂದ್ರೆ ಯಾಕೆ ಇಷ್ಟು ದೂರ? ಬಿಸಿಲು ಬೇರೆ. ಇನ್ಮೇಲೆ ಬರಬೇಡಿ."

ಏನು ಧಿಮಾಕು! ಹೋಯ್‌ಲಾಮ್ ತನ್ನ ಕೊನೆಯ ಅಸ್ತ್ರ ಬಿಟ್ಟಳು. "ಹೊರಗಿನಿಂದ ಊಟ ಕಳಿಸ್ತಿದ್ರೆ ಗೊತ್ತಿರಲಿ, ಅವನು ಕೊತ್ತಂಬರಿ ಸೊಪ್ಪು ಮುಟ್ಟಲ್ಲ."

"ಗೊತ್ತು. ಹಾಕಬೇಡಿ ಅಂತ ಹೇಳಿಯೇ ಕಳಿಸ್ತೀನಿ."

ಅಷ್ಟೇ ಹೇಳಿ ಅವಳು ಬಸ್ಸು ಹತ್ತಿ ಹೋದಳು. ಗೊತ್ತಂತೆ! ಹೇಗೆ ಗೊತ್ತು?

ಮನೆಗೆ ಹೋಗುವ ದಾರಿಯುದ್ದಕ್ಕೂ ಹೋಯ್‌ಲಾಮ್ ಬಸ್ಸಿನ ಕಿಟಕಿಗೆ ಹಣೆ ಒತ್ತಿ ಕುಳಿತಿದ್ದಳು. ಕಣ್ಣ ಮುಂದೆ ಮೊಂಗ್‌ಕೊಕ್‌ನ ಪೇಟೆಬೀದಿಯ ಆ ಹಳೆಯ ಚಹಾ ಹೋಟೆಲು. ಜಾಗವಿಲ್ಲದೆ ಇಬ್ಬರು ಅಪರಿಚಿತರನ್ನು ಒಂದೇ ಮೇಜಿಗೆ ಕೂರಿಸಿದ್ದರು. ಅವನು ಪತ್ರಿಕೆ ಬಿಡಿಸಿ ಮುಖ ಮುಚ್ಚಿಕೊಂಡಿದ್ದ. ಇವಳು ಹಾಲು ಚಹಾ ಕುಡಿಯುತ್ತಾ ಅದರ ಹಿಂದಿನ ಪುಟ ಓದುತ್ತಿದ್ದಳು. ಅವನು ಪುಟ ತಿರುಗಿಸಿದ್ದೇ ತಡ, "ಅಯ್ಯೋ, ನಾನಿನ್ನೂ ಓದಿ ಮುಗಿಸಿಲ್ಲ!" ಎಂದು ಕೂಗಿಬಿಟ್ಟಿದ್ದಳು.

ಪತ್ರಿಕೆ ಮೆಲ್ಲಗೆ ಕೆಳಗಿಳಿದಿತ್ತು. ಅದರ ಹಿಂದೆ ನಗುವ ಎರಡು ಕಣ್ಣು.

"ಅದನ್ನ ಬರೆದವನೇ ನಾನು. ಬೇಕಾದ್ರೆ ಬಾಯಲ್ಲೇ ಹೇಳ್ತೀನಿ."

ಆ ಪತ್ರಿಕೆ ಈಗಿಲ್ಲ. ಭದ್ರತಾ ಕಾನೂನು ಬಂದ ಮೇಲೆ ಒಂದು ಬೆಳಿಗ್ಗೆ ಪೊಲೀಸರು ಬಂದು ಕಂಪ್ಯೂಟರುಗಳನ್ನು ಡಬ್ಬಗಳಲ್ಲಿ ತುಂಬಿಕೊಂಡು ಹೋದರು. ಬ್ಯಾಂಕಿನ ಖಾತೆಗೆ ಬೀಗ ಬಿತ್ತು. ಚುನಾವಣೆಯಲ್ಲಿ ಯಾರು ನಿಲ್ಲಬಹುದು ಎಂದು ಸರ್ಕಾರವೇ ಆರಿಸುವುದಾದರೆ ನಾವು ಆರಿಸಲು ಉಳಿದಿರುವುದೇನು ಎಂದು ಅವನು ಸಂಪಾದಕೀಯ ಬರೆದಿದ್ದ. ಅದು ದ್ರೋಹವಾಯಿತು, ಅವನನ್ನು ಬಂಧಿಸಿದರು. ಜಾಮೀನೂ ಸಿಗಲಿಲ್ಲ.

ಹೋಯ್‌ಲಾಮ್ ಪ್ರಾಥಮಿಕ ಶಾಲೆಯ ಟೀಚರ್. ಅಲ್ಲೂ ಗಾಳಿ ಬದಲಾಗಿತ್ತು. ಮಗುವೊಂದು ಕೇಳಿದ ಪ್ರಶ್ನೆಗೆ ನೇರವಾಗಿ ಉತ್ತರ ಕೊಟ್ಟ ಸಮಾಜಪಾಠದ ಟೀಚರ್ ಮೇಲೆ ಯಾರೋ ಹೆಸರು ಹೇಳದೆ ಫೋನಿನಲ್ಲಿ ದೂರು ಕೊಟ್ಟರು. ಮುಂದಿನ ತಿಂಗಳು ಆಕೆಯ ಕುರ್ಚಿ ಖಾಲಿ. "ಮಿಸ್ ಸಿಯು," ಎಂದಿದ್ದರು ಮುಖ್ಯೋಪಾಧ್ಯಾಯರು ಹೋಯ್‌ಲಾಮ್‌ಗೆ, "ಈಗ ನಾವು ಯಾರ ಪಕ್ಕ ನಿಲ್ತೀವಿ ಅನ್ನೋದೂ ಒಂದು ಪಾಠವೇ. ನೆನಪಿಟ್ಕೊಳ್ಳಿ."

ಆ ಭಯ ನುಂಗಿಕೊಂಡೇ ಅವಳು ಬಂದೀಖಾನೆಗೆ ಬಂದಿದ್ದಳು. ಸಿಕ್ಕಿದ್ದೇನು? ಕೆಂಪು ಜಾಕೆಟ್ಟು!

ಮುಂದಿನ ಶನಿವಾರ ಮತ್ತೆ ಹೋದಳು. ಮತ್ತೆ ಅದೇ ಉತ್ತರ: ಇವತ್ತಿನ ಭೇಟಿ ಮುಗಿದಿದೆ.

ಅವನಿಗೊಂದು ಪತ್ರ ಹಾಕಿದಳು. ಅಧಿಕಾರಿಗಳು ಓದಿ ಮುದ್ರೆ ಒತ್ತಿದ ಮರುಪತ್ರ ಬಂತು. ಒಂದೇ ಸಾಲು. "ಚೆನ್ನಾಗಿದ್ದೇನೆ. ಬರಬೇಡ." ಮೇಲೆ ಅವಳ ಹೆಸರಿಲ್ಲ. ಕೆಳಗೆ ಪ್ರೀತಿಯ ಒಂದು ಮಾತಿಲ್ಲ.

ಚೆನ್ನಾಗಿರದೆ ಏನು! ದಿನವೂ ನಗಿಸುವವಳು ಇದ್ದಾಳಲ್ಲ...

ಅತ್ತಳು. ಅವನು ಕೊಟ್ಟಿದ್ದ ಲೋಟವನ್ನು ಕಸದ ಬುಟ್ಟಿಗೆ ಎಸೆದಳು. ಹತ್ತು ನಿಮಿಷ ಬಿಟ್ಟು ಎತ್ತಿ ತೊಳೆದಿಟ್ಟಳು. ಹೊಟ್ಟೆಕಿಚ್ಚು ಬಂದ ಹೆಣ್ಣಿಗೆ ನಿದ್ದೆಯೂ ಇಲ್ಲ, ನೆಮ್ಮದಿಯೂ ಇಲ್ಲ. ಆದರೆ ಛಲಕ್ಕೆ ಮಾತ್ರ ಬರವಿಲ್ಲ.

ನೋಡೇಬಿಡೋಣ, ಯಾರು ಮೊದಲು ಬರ್ತಾರೆ ಅಂತ!

ಮೂರನೆಯ ಶನಿವಾರ ಬಾಗಿಲು ತೆರೆಯುವ ಮೊದಲೇ ಅವಳು ಸಾಲಿನಲ್ಲಿದ್ದಳು. ಮುಂದೆ ಆ ಮುದುಕಿಯೊಬ್ಬಳೇ. ಕಿಟಕಿ ತೆರೆಯುವಷ್ಟರಲ್ಲಿ ಪುಯ್‌ಶಾನ್ ಏದುಸಿರು ಬಿಡುತ್ತಾ ಓಡಿ ಬಂದಳು.

"ಹೇ! ಚೀಟಿ ಕೊಡಬೇಡ! ಕೊಡಬೇಡ ಅಂದೆ!"

"ಯಾಕೆ ಕೊಡಬಾರದು? ಅವನೇನು ನಿನ್ನ ಸ್ವತ್ತಾ?"

"ಮೆಲ್ಲಗೆ ಮಾತಾಡೇ, ಮಹಾತಾಯಿ!"

"ಯಾಕೆ ಮೆಲ್ಲಗೆ? ನಾಚಿಕೆ ಆಗುತ್ತಾ? ಮೂರು ವರ್ಷದಿಂದ ಅವನ ಜೊತೆ ಇರೋಳು ನಾನು! ಅವನ ತಟ್ಟೆಯಿಂದ ಕೊತ್ತಂಬರಿ ಆರಿಸಿ ತೆಗೆದೋಳು ನಾನು!"

ಮುದುಕಿ ತಿರುಗಿ ನೋಡಿ ಬೊಚ್ಚು ಬಾಯಿ ತೆರೆದು ನಕ್ಕಳು. "ಅಬ್ಬಬ್ಬಾ, ಒಬ್ಬನಿಗೆ ಇಬ್ಬರು! ನನ್ನ ಮೊಮ್ಮಗನಿಗೆ ಈ ಮುದಿ ಗೊಡ್ಡು ಒಂದೇ."

ಪುಯ್‌ಶಾನ್ ಹೋಯ್‌ಲಾಮ್‌ಳ ತೋಳು ಹಿಡಿದು ಗೋಡೆಯ ಮೂಲೆಗೆ ಎಳೆದೊಯ್ದಳು. ಮುಖ ಕೆಂಪೇರಿತ್ತು. ಆದರೆ ಕಣ್ಣಲ್ಲಿ ಸಿಟ್ಟಿರಲಿಲ್ಲ.

"ಕೇಳು, ದಡ್ಡಿ. ಆ ಕಿಟಕೀಲಿ ಚೀಟಿ ಕೊಟ್ರೆ ನಿನ್ನ ಹೆಸರು ಒಳಗೆ ದಾಖಲಾಗುತ್ತೆ. ಇಂಥ ಕೇಸಿನ ಕೈದಿಯನ್ನ ಯಾರು ನೋಡೋಕೆ ಬರ್ತಾರೆ ಅಂತ. ನಾಳೆ ನಿನ್ನ ಶಾಲೆಗೆ ಯಾರೋ ಒಂದು ಫೋನ್ ಮಾಡಿದ್ರೆ ಸಾಕು."

"ಅದಕ್ಕೂ ನಿನಗೂ ಏನು ಸಂಬಂಧ?"

"ನೀನು ಬಂದೇ ಬರ್ತೀಯ ಅಂತ ಅವನಿಗೆ ಗೊತ್ತು. ಬೇಡ ಅಂದ್ರೆ ಕೇಳೋಳಲ್ಲ ಅಂತಾನೂ ಗೊತ್ತು. ದಿನಕ್ಕೊಂದೇ ಭೇಟಿ ತಾನೇ? ಅದನ್ನ ದಿನಾ ಬೆಳಿಗ್ಗೆನೇ ಬಂದು ಮುಗಿಸಿಬಿಡು ಅಂತ ನನ್ನ ಕಾಲು ಹಿಡಿದ."

"ಮತ್ತೆ ನಿನ್ನ ಹೆಸರು ದಾಖಲಾಗಲ್ವಾ?"

"ನನ್ನ ಮೇಲೆ ಆಗಲೇ ಕೇಸಿದೆ. ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು? ನಿನಗೆ ಹೇಳಬೇಡ ಅಂದ. ಸಿಟ್ಟು ಮಾಡ್ಕೊಂಡ್ರೆ ಬರಲ್ಲ, ದೂರ ಇದ್ರೆ ಬದುಕ್ತಾಳೆ ಅಂದ."

"ಆ ಪತ್ರ..."

"ನಿನ್ನ ಹೆಸರನ್ನ ಅವನು ಯಾವ ಕಾಗದದ ಮೇಲೂ ಬರೆಯಲ್ಲ. ನಾಲಿಗೆ ಮೇಲೆ ಮಾತ್ರ..." ಪುಯ್‌ಶಾನ್ ಮುಖ ತಿರುಗಿಸಿದಳು. "ಹೊಟ್ಟೆಕಿಚ್ಚು ನಿನಗೊಬ್ಬಳಿಗೇ ಅಂದ್ಕೊಂಡಿದೀಯಾ? ನಾನು ದಿನಾ ಇಲ್ಲಿಗೆ ಬರ್ತೀನಿ. ಕೂದಲು ಬಾಚ್ಕೊಂಡು, ಒಳ್ಳೆ ಜಾಕೆಟ್ ಹಾಕ್ಕೊಂಡು. ಅವನು ಇರೋ ಕಾಲು ಗಂಟೆ ಪೂರ್ತಿ ಏನು ಕೇಳ್ತಾನೆ ಗೊತ್ತಾ? ಲಾಮ್‌ಲಾಮ್ ಊಟ ಮಾಡ್ತಾಳಾ? ಲಾಮ್‌ಲಾಮ್ ಶಾಲೇಲಿ ಹೇಗಿದಾಳೆ? ಆ ಕೊತ್ತಂಬರಿ ಕಥೆ ನಾನು ಎಷ್ಟು ಸಲ ಕೇಳಿದೀನೋ ದೇವರೇ ಬಲ್ಲ!"

ಇಷ್ಟು ದಿನ ಎದೆಯಲ್ಲಿ ಉರಿದದ್ದೆಲ್ಲ ಈಗ ಕಣ್ಣೀರಾಗಿ ಹೋಯ್‌ಲಾಮ್‌ಳ ಕೆನ್ನೆಯ ಮೇಲೆ ಇಳಿಯಿತು.

"ನೀನೂ ಅವನನ್ನ..."

"ಹ್ಞೂಂ. ಅದನ್ನ ಅವನಿಗೆ ಹೇಳಿದ್ರೆ ಕೊಂದುಬಿಡ್ತೀನಿ." ಪುಯ್‌ಶಾನ್ ಮೂಗೊರೆಸಿಕೊಂಡು ನಕ್ಕಳು. "ಮನೆಗೆ ಹೋಗು. ಕೆಲಸ ಉಳಿಸ್ಕೋ."

"ಮುಂದಿನವರು!" ಎಂದು ಕಿಟಕಿಯಿಂದ ಕೂಗು ಬಂತು.

ಹೋಯ್‌ಲಾಮ್‌ಳ ಕಣ್ಣೆದುರು ಖಾಲಿ ಕುರ್ಚಿ ಬಂತು. ಅಮ್ಮನ ಔಷಧಿ, ಮನೆ ಬಾಡಿಗೆ, ಮೂರನೆಯ ತರಗತಿಯ ಮೂವತ್ತು ಮುಖಗಳು ಬಂದವು. ಯಾರ ಪಕ್ಕ ನಿಲ್ತೀವಿ ಅನ್ನೋದೂ ಒಂದು ಪಾಠವೇ... ಸರಿಯಾಗಿಯೇ ಹೇಳಿದ್ದರು ಮುಖ್ಯೋಪಾಧ್ಯಾಯರು!

ಅವಳು ನೇರ ಹೋಗಿ ಚೀಟಿ ಕಿಟಕಿಯೊಳಗೆ ತಳ್ಳಿದಳು.

"ಕೈದಿಗೆ ಏನಾಗಬೇಕು?"

"ಅವನನ್ನ ಮದುವೆ ಆಗೋಳು."

ಸಿಬ್ಬಂದಿ ಮೊದಲ ಬಾರಿ ತಲೆ ಎತ್ತಿ ಅವಳನ್ನು ನೋಡಿದ. ನಂತರ ಬರೆದುಕೊಂಡ. "ಇಬ್ಬರು ಹೋಗಬಹುದು. ಅವರೂ ಬರ್ತಾರಾ?"

ಹೋಯ್‌ಲಾಮ್ ತಿರುಗಿ ನೋಡಿದಳು. ಪುಯ್‌ಶಾನ್ ಕೆಂಪು ಜಾಕೆಟ್ಟಿನ ಜೇಬಿಗೆ ಎರಡೂ ಕೈ ಹಾಕಿ ಇಲ್ಲವೆಂದು ತಲೆಯಾಡಿಸಿದಳು.

"ಇವತ್ತಿನ ಕಾಲು ಗಂಟೆ ನಿಂದು. ಹೋಗೇ, ಸಮಯ ಆಗ್ತಿದೆ!"

ಗಾಜಿನ ಆಚೆ ಅವನು ನಗುತ್ತಾ ಬಂದ. ಅವಳನ್ನು ಕಂಡದ್ದೇ ನಗು ಮಾಯ. ಫೋನು ಕಿತ್ತುಕೊಂಡಂತೆ ಎತ್ತಿದ.

"ಯಾಕೆ ಬಂದೆ? ಪುಯ್‌ಶಾನ್ ಎಲ್ಲಿ? ಅಯ್ಯೋ ಲಾಮ್‌ಲಾಮ್, ಏನು ಮಾಡ್ಕೊಂಡೆ ನೀನು!"

"ಇಷ್ಟು ದಿನ ಆದ್ಮೇಲೆ ನೋಡ್ತಿದೀಯ. ಮೊದಲ ಮಾತು ಪುಯ್‌ಶಾನ್ ಎಲ್ಲಿ ಅಂತಾನಾ?"

"ತಮಾಷೆ ಅಲ್ಲ ಇದು. ನಿನ್ನ ಕೆಲಸ ಹೋಗುತ್ತೆ!"

"ಹೋದ್ರೆ ಹೋಗಲಿ. ಸುಳ್ಳು ಹೇಳಬೇಡಿ ಅಂತ ಮಕ್ಕಳಿಗೆ ಕಲಿಸೋಳು ನಾನೇ. ಪರಿಚಯದವಳು ಅಂತ ಒಂದು ಸಲ ಹೇಳಿದೆ ನೋಡು, ಎರಡು ವಾರ ಅನ್ನ ಸೇರಲಿಲ್ಲ."

ಅವನು ಸೋತವನಂತೆ ಕುಳಿತ. ಎಷ್ಟು ಬಡಕಲಾಗಿದ್ದಾನೆ... ಅವಳು ಗಾಜಿಗೆ ಅಂಗೈ ಒತ್ತಿದಳು.

"ಈ ಸಲ ಏನಂತ ಹೇಳಿದೆ?" ಅವನ ದನಿ ಒಡೆದಿತ್ತು.

"ಮದುವೆ ಆಗೋಳು ಅಂತ."

"ನಾನಿನ್ನೂ ಕೇಳೇ ಇಲ್ವಲ್ಲ!"

"ಕೇಳು ಮತ್ತೆ. ಟೈಮ್ ಓಡ್ತಿದೆ."

"ವರ್ಷಗಟ್ಟಲೆ ಆಗಬಹುದು, ಲಾಮ್‌ಲಾಮ್. ಎಷ್ಟು ಅಂತ ನನಗೇ ಗೊತ್ತಿಲ್ಲ..."

"ನಾನು ಕೇಳು ಅಂದಿದ್ದು ಅದನ್ನಲ್ಲ."

ಅವನು ಅಂಗೈಯನ್ನು ಅವಳ ಅಂಗೈಗೆ ಸರಿಯಾಗಿ ಗಾಜಿನ ಆಚೆ ಇಟ್ಟ. ಕಣ್ಣು ತುಂಬಿತ್ತು.

"ನನ್ನ ಮದುವೆ ಆಗ್ತೀಯಾ?"

"ಆಗ್ತೀನಿ. ಒಂದು ಷರತ್ತು. ಪುಯ್‌ಶಾನ್ ವಾರದ ದಿನ ಬರಲಿ. ಶನಿವಾರ ನಂದು. ಆ ದಿನ ನಿನ್ನ ನಗಿಸೋದೂ ನಾನೇ!"

ಅವನು ಜೋರಾಗಿ ನಕ್ಕ. ಅಳುತ್ತಲೇ ನಕ್ಕ. ಅಷ್ಟರಲ್ಲಿ ಹಿಂದಿನಿಂದ ಕಾವಲುಗಾರ ಗಡಿಯಾರ ತೋರಿಸಿದ. ಅವನು ನಿಧಾನವಾಗಿ ಏಳಲು ಹೊರಟ.

"ಏಳಬೇಡ!" ಅವಳು ಫೋನನ್ನು ಕಿವಿಗೆ ಒತ್ತಿ ಹಿಡಿದಳು. "ನಾನಿನ್ನೂ ಓದಿ ಮುಗಿಸಿಲ್ಲ."

ಅವನು ಮತ್ತೆ ಕುಳಿತ. ಮುಖವನ್ನು ಗಾಜಿನ ಹತ್ತಿರ ತಂದ.

"ಓದು," ಎಂದ ಮೆಲ್ಲಗೆ. "ಈ ಸಲ ಪುಟ ತಿರುಗಿಸಲ್ಲ."