ಮುನ್ನೂರ ಹನ್ನೆರಡು ಪರ್ಮಿಟ್ಟುಗಳು

ಭಾಗ್ಯಜ್ಯೋತಿ ಹಿಂದಿನ ದಿನದ ಟೀ ಲೋಟಗಳನ್ನು ಒಂದೊಂದಾಗಿ ತೊಳೆದು ಬೋರಲು ಹಾಕಿದಳು. ಆಫೀಸಿಗೆ ಇನ್ನೂ ಯಾರೂ ಬಂದಿರಲಿಲ್ಲ. ಕೈ ಒರೆಸಿಕೊಂಡು, ಕ್ಯಾಲೆಂಡರಿನ ಹಿಂದಿನ ಮೊಳೆಯಿಂದ ಕೀ ತೆಗೆದು ಬೀರು ತೆರೆದಳು. ಫೈಲನ್ನು ಒಂಬತ್ತಕ್ಕೆ ಸ್ಕ್ಯಾನರ್ ಪಕ್ಕ ಇಟ್ಟಿರು ಎಂದು ರೇಖಾ ಮೇಡಂ ಹೇಳಿದ್ದರು.

ಫೈಲ್ ಇರಲಿಲ್ಲ. ಆ ಜಾಗದಲ್ಲಿ ಒಂದು ಕಾಗದವಿತ್ತು. ‘ಗಣಿ ವಿಷಯ ಇಲ್ಲಿಗೇ ಬಿಡಿ. ನಾಳೆ ಸಭೆ ಮಾಡಿದರೆ ನೆಟ್ಟಗಿರಲ್ಲ.’ ಅಕ್ಷರಗಳು ಸೊಟ್ಟ ಸೊಟ್ಟ. ಸಹಿ ಇಲ್ಲ.

ಅವಳು ಕಾಗದವನ್ನು ಮುಟ್ಟಲಿಲ್ಲ. ಮೇಡಂಗೆ ಫೋನ್ ಮಾಡಿದಳು.

* * *

ಅದು ಜೆ.ಪಿ. ನಗರದ ಒಂದು ಮನೆಯ ಮೊದಲ ಮಹಡಿ. ಬಳ್ಳಾರಿ ಕಡೆಯ ಗುಡ್ಡಗಳಿಂದ ಎಷ್ಟು ಅದಿರು ಹೋಯಿತು, ಸರ್ಕಾರಕ್ಕೆ ಎಷ್ಟು ರಾಜಧನ ಬಂತು, ಅದರಲ್ಲಿ ಗಣಿ ಹಳ್ಳಿಗಳಿಗೆ ಎಷ್ಟು ಸಿಕ್ಕಿತು ಎಂದು ಕೇಳುವುದೇ ರೇಖಾ ಮೇಡಂ ಸಂಘದ ಕೆಲಸ. ಅದಿರು ಲಾರಿಗಳ ಹಳೆಯ ಪರ್ಮಿಟ್ಟುಗಳ ನಕಲಿಗಾಗಿ ಎರಡು ವರ್ಷ ಮಾಹಿತಿ ಹಕ್ಕಿನ ಅರ್ಜಿ, ಮೇಲ್ಮನವಿ ಎಂದು ಓಡಾಡಿದ್ದರು. ಮುನ್ನೂರ ಹನ್ನೆರಡು ಹಾಳೆಯ ಆ ಫೈಲ್ ನಿನ್ನೆ ಸಂಜೆಯಷ್ಟೇ ಕೈಗೆ ಸಿಕ್ಕಿತ್ತು. ಕರೆಂಟ್ ಇರಲಿಲ್ಲ. ಬೆಳಿಗ್ಗೆ ಸ್ಕ್ಯಾನ್ ಮಾಡಿದರಾಯಿತು ಎಂದು ಬಿಟ್ಟಿದ್ದರು.

ನಾಳೆ ಭಾನುವಾರ ಬಹಿರಂಗ ಸಭೆ. ಹಳ್ಳಿಗಳಿಂದ ನಲವತ್ತು ಜನ ಬರುವವರಿದ್ದರು. ಭಾಗ್ಯಳ ಊರಿನವರೂ ಅದರಲ್ಲಿದ್ದರು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು ಅವಳು. ಬಿಟಿಎಂನಲ್ಲಿ ಅಣ್ಣನ ಜೊತೆ ಬಾಡಿಗೆಗಿದ್ದು ಈ ಆಫೀಸಿಗೆ ಬರುತ್ತಿದ್ದಳು. ಮಾತು ಕಡಿಮೆ. ಕಣ್ಣು ಮಾತ್ರ ಸುಮ್ಮನಿರುತ್ತಿರಲಿಲ್ಲ.

ಬಾಗಿಲಿನ ಬೀಗ ಒಡೆದಿರಲಿಲ್ಲ. ಬಾಗಿಲಿಗೆ ಇದ್ದದ್ದು ಮೂರೇ ಕೀ. ರೇಖಾ ಮೇಡಂ ಹತ್ತಿರ ಒಂದು, ಭಾಗ್ಯಳ ಹತ್ತಿರ ಒಂದು, ಮನೆ ಮಾಲೀಕ ಕೆಂಪರಾಜು ಹತ್ತಿರ ಒಂದು.

ಕೆಂಪರಾಜುವಿಗೆ ಎರಡು ಟಿಪ್ಪರ್ ಲಾರಿಗಳಿದ್ದವು. ಫೋನ್ ಬಂದೊಡನೆ ಧಾವಿಸಿದ ಮೇಡಂ ಕೆಳಗಿನ ಮನೆಯಿಂದ ಅವನನ್ನು ಕರೆಸಿ, ಗಣಿಯವರ ಪರಿಚಯವಿದೆಯಾ ಎಂದು ನೇರವಾಗಿ ಕೇಳಿಬಿಟ್ಟರು. ಕೆಂಪರಾಜು ಮುಖ ಕೆಂಪಗಾಯಿತು.

“ಲಾರಿ ಮಡಗಿರೋರೆಲ್ಲ ಕಳ್ಳರಾದ್ರೆ ಬೆಂಗಳೂರಿಗೇ ಕಾಂಪೌಂಡ್ ಹಾಕಿ ಜೈಲ್ ಮಾಡ್ಬೇಕಾಯ್ತದೆ ಮೇಡಂ.”

ಮಗಳ ಸೀಮಂತಕ್ಕೆಂದು ಮನೆಮಂದಿಯೆಲ್ಲ ನಿನ್ನೆ ಮಧ್ಯಾಹ್ನವೇ ಉತ್ತರಹಳ್ಳಿಗೆ ಹೋಗಿ ಇವತ್ತು ಬೆಳಿಗ್ಗೆಯಷ್ಟೇ ಬಂದಿದ್ದರಂತೆ. ಕೀಗೊಂಚಲು ಸೊಂಟದಲ್ಲೇ ಇತ್ತಂತೆ. ಮೊಬೈಲಿನಲ್ಲಿ ಫೋಟೋ ತೋರಿಸಿದ. ಪಂಚೆಯಲ್ಲಿ ನಿಂತು ಬಡಿಸುತ್ತಿದ್ದಾನೆ, ಸೊಂಟದಲ್ಲಿ ಗೊಂಚಲು.

“ಮೂರ್ನೇ ಕೀ ಯಾರತ್ರ ಐತೆ? ಅದನ್ನ ಯಾಕೆ ಕೇಳಲ್ಲ ನೀವು?”

ಯಾರೂ ಭಾಗ್ಯಳ ಕಡೆ ನೋಡಲಿಲ್ಲ. ನೋಡಿದ್ದರೇ ವಾಸಿಯಿತ್ತು. ಸಂಜೆಯ ರೈಲಿಗೆ ಊರಿನವರು ಹೊರಡುತ್ತಾರೆ. ಇಲ್ಲಿಗೆ ಬಂದು ಕಿವಿಗೆ ಬೀಳುವುದು ಇದೇ ಮಾತು: ಗಣಿಯವರಿಗೆ ಕೀ ಕೊಟ್ಟವಳು ನಮ್ಮೂರ ಹುಡುಗಿಯೇ.

* * *

ಹತ್ತು ಗಂಟೆಗೆ ಸಂಜೀವಯ್ಯ ಬಂದರು. ಯಾವುದೋ ಸರ್ಕಾರಿ ಕಚೇರಿಯಲ್ಲಿದ್ದು ನಿವೃತ್ತರಾದವರು. ಎರಡು ವರ್ಷದಿಂದ ಬನಶಂಕರಿಯಿಂದ ಬಂದು, ಬಿಡಿಗಾಸೂ ತೆಗೆದುಕೊಳ್ಳದೆ ಸಂಘದ ಫೈಲುಗಳನ್ನು ನೋಡಿಕೊಳ್ಳುತ್ತಿದ್ದರು. ವಿಷಯ ಕೇಳಿ ಕುರ್ಚಿಯಲ್ಲಿ ಕುಸಿದರು. ಪೊಲೀಸ್ ಬೇಡ, ಸಭೆ ಮುಂದಕ್ಕೆ ಹಾಕಿ, ನಕಲಿಗೆ ಮತ್ತೊಮ್ಮೆ ಅರ್ಜಿ ಕೊಡೋಣ ಎಂದರು. ಮೇಡಂ ತಲೆ ಹಿಡಿದುಕೊಂಡು ಹೂಂ ಎನ್ನುವುದರಲ್ಲಿದ್ದರು.

ಭಾಗ್ಯ ಮೇಜಿನ ಮೇಲಿದ್ದ ಬೆದರಿಕೆ ಕಾಗದವನ್ನೇ ನೋಡುತ್ತಿದ್ದಳು. ಅಡುಗೆಮೂಲೆಗೆ ಹೋಗಿ ಸಕ್ಕರೆ ಡಬ್ಬದ ಕೆಳಗಿಂದ ಒಂದು ಚೀಟಿ ತಂದಳು. ಗುರುವಾರ ಸಂಜೀವಯ್ಯನವರೇ ಬರೆದುಕೊಟ್ಟ ಸಾಮಾನಿನ ಪಟ್ಟಿ. ಎರಡನ್ನೂ ಅಕ್ಕಪಕ್ಕ ಇಟ್ಟಳು.

“ಮೇಡಂ, ಇದನ್ನ ನೋಡ್ರಿ.”

ಅಕ್ಷರ ಬೇರೆ ಬೇರೆಯೇ. ಆದರೆ ಎರಡರಲ್ಲೂ ಎಡಗಡೆ ಎರಡು ಬೆರಳಗಲಕ್ಕೆ ಕಾಗದ ಮಡಿಚಿದ ಗೆರೆಯಿತ್ತು. ಆ ಗೆರೆ ದಾಟಿ ಒಂದಕ್ಷರವೂ ಎಡಕ್ಕೆ ಬಂದಿರಲಿಲ್ಲ. ಫೈಲಿಗೆ ಟ್ಯಾಗ್ ಕಟ್ಟಿದಾಗ ಅಕ್ಷರ ಮುಚ್ಚಿಹೋಗಬಾರದೆಂದು ಕಚೇರಿಯವರು ಹಾಗೆ ಮಾರ್ಜಿನ್ ಮಡಿಚಿಯೇ ಪೆನ್ನು ಹಿಡಿಯುತ್ತಾರೆ.

“ಸರ ಟೀಪುಡಿ ಪಟ್ಟಿನೂ ಹಿಂಗ ಬರೀತಾರ್ರಿ. ಬೆದರಿಕೆ ಹಾಕೋರು ಅದನ್ನ ಫೈಲಿಗೆ ಹಾಕ್ತಾರೇನ್ರಿ?”

“ಕೀ ಅವರ ಹತ್ರ ಇಲ್ವಲ್ಲ ಭಾಗ್ಯ,” ಎಂದರು ಮೇಡಂ.

“ಕೀ ಯಾಕ ಬೇಕ್ರಿ? ರಾತ್ರಿ ಯಾರೂ ಬಂದೇ ಇಲ್ಲ. ನಿನ್ನೆ ಕತ್ತಲಾಗ ಫೈಲ್ ಬೀರುವಿನಾಗ ಇಡ್ತೀನಿ ಅಂದೋರು ಸರ. ಬೀರು ಹಾಕಿದೋರೂ ಅವರ. ಒಳಗಿದ್ದದ್ದನ್ನ ನಾವ್ಯಾರು ನೋಡೀವ್ರಿ?”

ಫೈಲ್ ಬೀರುವಿನೊಳಗೆ ಹೋಗಿರಲೇ ಇಲ್ಲ. ಹೋದದ್ದು ಕಾಗದ. ಫೈಲ್ ಸಂಜೀವಯ್ಯನವರ ಬಟ್ಟೆಚೀಲದಲ್ಲಿ ಬನಶಂಕರಿಗೆ ಬಸ್ಸು ಹತ್ತಿತ್ತು.

ಸಂಜೀವಯ್ಯ ಕನ್ನಡಕ ತೆಗೆದರು. ಎಲ್ಲ ಒಪ್ಪಿಕೊಂಡರು. ಅವರು ಇದ್ದದ್ದು ಗಣಿ ಇಲಾಖೆಯಲ್ಲೇ. ಒಂದೇ ಲಾರಿ, ಒಂದೇ ದಿನ, ಒಂದೇ ಪರ್ಮಿಟ್ಟಿನಲ್ಲಿ ನಾಲ್ಕು ಸಲ ಅದಿರು ಹೊತ್ತದ್ದು ಗೊತ್ತಿದ್ದೂ ನಲವತ್ತೊಂದು ಹಾಳೆಗೆ ಸಹಿ ಹಾಕಿದ್ದರು. ಆ ಪಾಪ ಕಳೆಯಲೆಂದೇ ಸಂಘಕ್ಕೆ ಬಂದದ್ದು. ತಮ್ಮ ಕಾಲದ ಹಾಳೆಗಳೇ ಇಲ್ಲಿಗೆ ಬರುತ್ತವೆಂದು ಎಣಿಸಿರಲಿಲ್ಲ.

“ಸುಟ್ಟಾಕಿದ್ರಾ?” ಮೇಡಂ ದನಿ ಒಣಗಿತ್ತು.

“ಬೆಂಕಿಪೊಟ್ಟಣ ತಗೊಂಡೆ ಕಣಮ್ಮ. ಆಗಲಿಲ್ಲ. ದಾಖಲೆ ಅಲ್ವಾ?”

ಕೆಂಪರಾಜು ಕೆಳಗಿಳಿದು ಸ್ಕೂಟರ್ ತೆಗೆದ. ಅವರನ್ನು ಹಿಂದೆ ಕೂರಿಸಿಕೊಂಡು ಹೋಗಿ, ಒಂದು ಗಂಟೆಯೊಳಗೆ ಫೈಲಿನ ಸಮೇತ ವಾಪಸು ಕರೆತಂದ. ಮೆಟ್ಟಿಲಲ್ಲಿ ಭಾಗ್ಯ ಎದುರಾದಾಗ, “ಬೇಜಾರ್ ಮಾಡ್ಕೋಬೇಡ ಕಣಮ್ಮ,” ಎಂದು ಗೊಣಗಿದ.

ಎಣಿಸಿದರು. ಮುನ್ನೂರ ಹನ್ನೆರಡು. ಆ ನಲವತ್ತೊಂದೂ ಇದ್ದವು.

ಮೇಡಂ ಊರಿನವರಿಗೆ ಫೋನ್ ಮಾಡಿ ಹೊರಡಿ ಎಂದರು. ಸ್ಕ್ಯಾನರ್ ಶುರುವಾಯಿತು. ಸಂಜೀವಯ್ಯ ಬಾಗಿಲ ಹತ್ತಿರ ನಿಂತು ಒಂದು ಕಾಲಿಗೆ ಚಪ್ಪಲಿ ಮೆಟ್ಟಿದ್ದರು. ಭಾಗ್ಯ ಅವರ ಬಳಿ ಹೋದಳು. ಮೊದಲ ಸಲ ಅವರ ಮುಖ ನೋಡಿ ಮಾತಾಡಿದಳು.

“ನಾಳೆ ನೀವೂ ಬರ್ರಿ ಸರ. ಆ ಸಹಿ ಯಾರು ಹಾಕಿಸಿದ್ರು ಅಂತ ನಮ್ಮೂರೋರ ಮುಂದ ಹೇಳ್ರಿ.”

ಸ್ಕ್ಯಾನರ್ ಇನ್ನೊಂದು ಹಾಳೆ ಎಳೆದುಕೊಂಡಿತು. ಸಂಜೀವಯ್ಯ ಬಾಗಿಲು ದಾಟಲಿಲ್ಲ. ಇನ್ನೊಂದು ಚಪ್ಪಲಿ ಹಾಗೇ ಬಿದ್ದಿತ್ತು.