ರಟ್ಟಿನ ಟ್ಯಾಂಕು

ಶವವನ್ನು ನೀರಿನಿಂದ ಮೇಲೆತ್ತುವಾಗ ಜೆಟ್ಟಿಯಲ್ಲಿದ್ದವರಲ್ಲಿ ಅರ್ಧ ಜನ ಮೊಬೈಲ್ ಹಿಡಿದಿದ್ದರು. ಒಬ್ಬನಂತೂ, "ಸ್ವಲ್ಪ ಈ ಕಡೆ ತಿರುಗಿಸಿ ಸಾರ್" ಎಂದು ನನಗೇ ಹೇಳಿದ. ಆ ಮೊಬೈಲನ್ನು ಕಿತ್ತು ನೀರಿಗೆ ಎಸೆಯಬೇಕು ಅನ್ನಿಸಿತು. ಆದರೆ ನನ್ನದು ಕಾನ್‌ಸ್ಟೇಬಲ್ ಕೆಲಸ. ಹಲ್ಲು ಕಚ್ಚಿಕೊಂಡು ಶವವನ್ನು ಜೆಟ್ಟಿಯ ಮೇಲಕ್ಕೆ ಎಳೆದೆ.

ಸತ್ತವನು ರೇಸ್ ಬೋಟಿನ ಚಾಲಕ. ಜನ ಅವನನ್ನು ಕರೆಯುತ್ತಿದ್ದದ್ದು 'ಮಿಂಚು' ಎಂದು. ಬೆಳಿಗ್ಗೆ ಅಭ್ಯಾಸಕ್ಕೆ ಹೊರಟಿದ್ದ. ಪೆಟ್ರೋಲ್ ತುಂಬಿಸಿದ, ಹೆಲ್ಮೆಟ್ ಹಾಕಿಕೊಂಡ, ಕೀ ತಿರುಗಿಸಿದ. ಅಷ್ಟೇ. ಬೋಟಿನ ಹಿಂಭಾಗ ಸೀಳಿಹೋಯಿತು. ಬೋಟು ಅಲ್ಲೇ ಮುಳುಗಿತು, ಬೆಂಕಿಯೂ ಅದರ ಜೊತೆಗೇ ಆರಿತು.

"ಹೊಸ ಟ್ಯಾಂಕ್ ಹಾಕ್ಸಿದ ಮೇಲೆ ಇದೇ ಮೊದಲ ಸಲ ಮೇಡಂ ಹೊರಟಿದ್ದು!" ಎಂದು ನಮ್ಮ ಇನ್ಸ್‌ಪೆಕ್ಟರ್ ಮೇಡಂ ಎದುರು ಎದೆ ಬಡಿದುಕೊಂಡು ಅಳುತ್ತಿದ್ದವನು ಅವನ ಅಣ್ಣ. ನಡುವೆ ಫೋನ್ ಬಂತು. ಅಳು ಟಕ್ಕನೆ ನಿಂತಿತು. "ಹೂಂ, ಟೀವಿಯವ್ರಾ? ಜೆಟ್ಟಿ ಹತ್ರಾನೇ ಇದೀನಿ, ಬನ್ನಿ." ಫೋನ್ ಜೇಬಿಗೆ ಹೋಯಿತು, ಅಳು ಮತ್ತೆ ಶುರುವಾಯಿತು.

"ಟ್ಯಾಂಕ್ ಮಾಡಿದ್ದು ಯಾರು?" ಇನ್ಸ್‌ಪೆಕ್ಟರ್ ಮೇಡಂ ಕೇಳಿದರು.

"ಅಲ್ಲಿ ಕೂತಿದಾನಲ್ಲ, ನಮ್ಮ ಮಾವ. ಅವನ ವೆಲ್ಡಿಂಗ್ ಸೋರಿದೆ. ನನ್ನ ತಮ್ಮನ್ನ ತಿಂದ್ಬಿಟ್ಟ!"

ತಂದೆಯಿಲ್ಲದ ಇಬ್ಬರನ್ನೂ ಸಾಕಿ ಬೆಳೆಸಿದ ಸೋದರಮಾವನಿಗೆ ಏಕವಚನ.

ಮಾವ ಒಂದು ಕಲ್ಲಿನ ಮೇಲೆ ಕುಳಿತು ತನ್ನ ಅಂಗೈಗಳನ್ನೇ ನೋಡುತ್ತಿದ್ದ. ನಲವತ್ತು ವರ್ಷ ಬೆಸುಗೆ ಹಾಕಿದ ಕೈಗಳು. ನಮ್ಮನ್ನು ಕಂಡೊಡನೆ ಎದ್ದು ನಿಂತ.

"ಕರ್ಕೊಂಡ್ಹೋಗಿ. ಬೇರೆ ಯಾರನ್ನೂ ಕೇಳ್ಬೇಡಿ. ಈ ಕೈಯೇ ಮಗೂನ ಕೊಂದಿದ್ದು."

ಜನ ಆಗಲೇ ಅವನ ಶೆಡ್ಡಿಗೆ ಕಲ್ಲು ತೂರಿಯಾಗಿತ್ತು. ಟ್ಯಾಂಕು ಸೋರಿದ್ದು ನಿಜವಾದರೆ ಈ ಮುದುಕ ಈ ವಯಸ್ಸಿನಲ್ಲಿ ಜೈಲು ಸೇರಬೇಕಾಗುತ್ತಿತ್ತು.

* * *

ಮಾರನೆಯ ದಿನ ಕ್ರೇನಿನಿಂದ ಬೋಟನ್ನು ಎತ್ತಿದರು. ಸೀಳಿದ ಹಿಂಭಾಗದಿಂದ ಟ್ಯಾಂಕನ್ನು ಹೊರಗೆಳೆದೆವು. ಬೇರೆ ವರ್ಕ್‌ಶಾಪಿನ ಮೆಕ್ಯಾನಿಕ್ ಅದನ್ನು ಖಾಲಿ ಮಾಡಿ, ತೂತುಗಳನ್ನೆಲ್ಲ ಮುಚ್ಚಿ, ಒಳಗೆ ಗಾಳಿ ಒತ್ತಿದ. ಬೆಸುಗೆಯ ಉದ್ದಕ್ಕೂ ಸೋಪಿನ ನೀರು ಸವರಿದ. ಒಂದೇ ಒಂದು ಗುಳ್ಳೆ ಏಳಲಿಲ್ಲ.

"ಸೋರೋ ಮಾತೇ ಇಲ್ಲ ಮೇಡಂ. ಇಂಥ ಬೆಸುಗೆ ನನ್ನ ಕೈಲೂ ಆಗಲ್ಲ."

ನಾನು ಓಡಿಹೋಗಿ ಮಾವನಿಗೆ ತಿಳಿಸಿದೆ. ಮುಖ ಅರಳುತ್ತದೆ ಅಂದುಕೊಂಡಿದ್ದೆ. ಅವನು, "ಹಂಗಾದ್ರೆ ಗಾಳಿ ಪೈಪು ಹಾಕೋದು ಮರ್ತಿರ್ತೀನಿ" ಎಂದುಬಿಟ್ಟ. ನೇಣಿಗೆ ತಾನೇ ಕತ್ತು ಚಾಚುವ ಮನುಷ್ಯನನ್ನು ನಾನು ನೋಡಿದ್ದು ಅದೇ ಮೊದಲು.

ಟ್ಯಾಂಕು ತುಂಬುವಾಗ ಒಳಗಿನ ಗಾಳಿ ಹೊರಗೆ ಹೋಗಲು ಒಂದು ರಬ್ಬರ್ ಪೈಪು ಇರುತ್ತದೆ. ಅದರ ತುದಿಯನ್ನು ಬೋಟಿನ ಪಕ್ಕದ ತೂತಿಗೆ ಕ್ಲಾಂಪು ಎಂಬ ಲೋಹದ ಪಟ್ಟಿಯಿಂದ ಬಿಗಿದಿರುತ್ತಾರೆ. ಪೆಟ್ರೋಲ್ ಹೆಚ್ಚಾದರೆ ಅಲ್ಲಿಂದ ಹೊರಗೆ ಚೆಲ್ಲುತ್ತದೆ. ಈ ಬೋಟಿನಲ್ಲಿ ಆ ತುದಿ ಬಿಚ್ಚಿಕೊಂಡು ಒಳಗೆ, ತಳದಲ್ಲಿ ಬಿದ್ದಿತ್ತು.

ಮೇಡಂ ಅದನ್ನು ಬೆಳಕಿಗೆ ಹಿಡಿದರು. ರಬ್ಬರಿನ ಸುತ್ತ ಕ್ಲಾಂಪು ಕಚ್ಚಿದ ಗುರುತು ಆಳವಾಗಿತ್ತು. ಕ್ಲಾಂಪು ಮಾತ್ರ ಒಂದು ಗೇಣು ಹಿಂದೆ ಸರಿದಿತ್ತು. ಅದರ ಸ್ಕ್ರೂ ಸಡಿಲವಾಗಿತ್ತು.

"ಮುದುಕ ಮರ್ತಿಲ್ಲ, ಬಿಗಿಯಾಗೇ ಹಾಕಿದಾನೆ. ಯಾರೋ ಬಿಚ್ಚಿದಾರೆ. ಸ್ಫೋಟಕ್ಕೆ ಸ್ಕ್ರೂಡ್ರೈವರ್ ಹಿಡಿಯೋಕೆ ಬರಲ್ಲ ಕಣ್ರೀ."

* * *

ಜೆಟ್ಟಿಯ ಪೆಟ್ರೋಲ್ ಬಂಕಿನವನು ಹಲ್ಲಿಗೆ ಕಡ್ಡಿ ಹಾಕುತ್ತಲೇ ಉತ್ತರ ಕೊಟ್ಟ.

"ಮಿಂಚು ನೂರೈವತ್ತು ಲೀಟರ್ ಹಾಕು ಅಂದ, ಹಾಕ್ದೆ. ಬಟ್ಟೆ ಬದಲಾಯಿಸೋಕೆ ಹೋದ. ಆಮೇಲೆ ಅವರಣ್ಣ ಇಪ್ಪತ್ತು ಲೀಟರ್‌ದು ಕ್ಯಾನ್ ಎರಡು ತಂದು ಸುರಿದ."

"ಇದನ್ನ ನಿನ್ನೇನೇ ಯಾಕೆ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ವಲ್ಲ."

ಥೂ! ಕಣ್ಣೆದುರು ಒಬ್ಬ ಸತ್ತಿದ್ದಾನೆ, ಇವನಿಗೆ ಯಾರಾದರೂ ಬಂದು ಕೇಳಬೇಕಂತೆ.

ಅಣ್ಣ ಮನೆಯಲ್ಲಿದ್ದ. ತಲೆಗೆ ಎಣ್ಣೆ ಹಾಕಿ ಬಾಚಿಕೊಂಡು, ಇಸ್ತ್ರಿ ಅಂಗಿ ತೊಟ್ಟು ಕುಳಿತಿದ್ದ. ಒಳಗಿನ ಕೋಣೆಯಿಂದ ತಾಯಿಯ ನರಳಾಟ ಕೇಳುತ್ತಿತ್ತು. ಇವನು ಆ ಬಾಗಿಲನ್ನು ಮುಚ್ಚಿ ಬಂದ.

"ಮೆಕ್ಯಾನಿಕ್ ಅಳೆದು ನೋಡಿದ. ಆ ಟ್ಯಾಂಕು ಹಿಡಿಯೋದು ನೂರರವತ್ತೇ ಲೀಟರ್. ಗೊತ್ತಿತ್ತಾ?" ಮೇಡಂ ಕೇಳಿದರು.

"ಅಯ್ಯೋ! ಇನ್ನೂರು ಲೀಟರ್‌ದು ಮಾಡು ಅಂತ ನಾನೇ ಹೇಳಿದ್ದೆ ಮೇಡಂ. ಇನ್ನೂರು ಅಂದ್ಕೊಂಡೇ ಎರಡು ಕ್ಯಾನ್ ಸುರಿದೆ. ಮಾವ ಚಿಕ್ಕದು ಮಾಡಿದ್ದು ನಂಗೇನು ಗೊತ್ತು? ಆ ಕಡೆ ತಲೇನೇ ಹಾಕಿಲ್ಲ ನಾನು. ಟ್ಯಾಂಕನ್ನ ಕಣ್ಣಲ್ಲೂ ನೋಡಿಲ್ಲ."

ಮಾತು ಸುತ್ತಿ ಬಳಸಿ ಮತ್ತೆ ಮಾವನ ತಲೆಗೇ ಬಂತು. ಹೊರಗೆ ಬಂದ ಮೇಲೆ ಮೇಡಂ ಹೇಳಿದರು: "ಟ್ಯಾಂಕು ಚಿಕ್ಕದು ಅಂತ ಗೊತ್ತಿಲ್ದೆ ಸುರಿದಿದ್ರೆ ಅದು ಅಚಾತುರ್ಯ. ಗೊತ್ತಿದ್ದೂ ಸುರಿದಿದ್ರೆ ಕೊಲೆ."

* * *

ಮಾವನ ಶೆಡ್ಡಿನ ಮೂಲೆಯಲ್ಲಿ ಉದ್ದನೆಯ ರಟ್ಟಿನ ಪೆಟ್ಟಿಗೆಯೊಂದಿತ್ತು. ಮೇಡಂ ಅದೇನೆಂದು ಕೇಳಿದರು.

"ಹಳೇ ಟ್ಯಾಂಕನ್ನ ಬೋಟಿನ ಮೇಲಿನ ಡೆಕ್ಕು ಹೊದಿಸೋ ಮೊದಲೇ ಕೂರ್ಸಿದ್ರಮ್ಮ. ತೆಗೆಯೋಕೆ ತುಂಡು ತುಂಡು ಮಾಡ್ಬೇಕಾಯ್ತು. ಹೊಸದು ಡೆಕ್ಕಿನ ಬಾಯಿಂದಾನೇ ಇಳೀಬೇಕು. ಅದಕ್ಕೆ ಮೊದಲು ರಟ್ಟಲ್ಲಿ ಮಾಡಿ ಇಳಿಸಿ ನೋಡ್ತೀನಿ. ಸಿಕ್ಕಾಕ್ಕೊಂಡ್ರೆ ಕತ್ತರಿಸ್ತಾ ಬರೋದು. ಇನ್ನೂರು ಲೀಟರ್‌ದು ಇಳೀಲಿಲ್ಲ. ಇಳಿದಿದ್ದು ಇದು."

"ಇಳಿಸುವಾಗ ಜೊತೇಲಿ ಯಾರಿದ್ರು?"

ಮಾವ ನೆಲ ನೋಡಿದ. "ಯಾರೂ ಇಲ್ಲ. ಒಬ್ನೇ. ಅಳತೆ ವಿಷಯ ಚಿಕ್ಕೋನಿಗೆ ಮಾತ್ರ ಹೇಳಿದ್ದೆ."

ಚಿಕ್ಕವನು, ಅಂದರೆ ಮಿಂಚು, ಟ್ಯಾಂಕಿನ ಅಳತೆ ಮಾಡಿದ ವಾರ ಬೇರೆ ಊರಿನ ರೇಸಿನಲ್ಲಿದ್ದನೆಂದು ಎಲ್ಲರಿಗೂ ಗೊತ್ತಿತ್ತು.

ಆ ಪೆಟ್ಟಿಗೆಯನ್ನು ಬೋಟಿನ ಹತ್ತಿರ ತಂದು ನಾನೊಬ್ಬನೇ ಇಳಿಸಲು ಹೋಗಿ ಬೆವತುಹೋದೆ. ಡೆಕ್ಕಿನ ಮೇಲೆ ನಿಂತರೆ ಅದರ ಬಾಲ ಒಳಗಿನ ಪಟ್ಟಿಗೆ ಸಿಕ್ಕಿಕೊಳ್ಳುತ್ತದೆ. ಬಿಡಿಸಲು ಒಳಗೆ ಇಳಿದರೆ ಮೇಲೆ ಹಿಡಿಯುವವರಿಲ್ಲ. ಒಳಗೆ ಇಳಿಯುವಾಗ ನನ್ನ ಹೊಟ್ಟೆಯೇ ಡೆಕ್ಕಿನ ಬಾಯಿಗೆ ಸಿಕ್ಕಿಹಾಕಿಕೊಂಡಿತು.

"ಹೊಟ್ಟೇನೂ ಮೊದಲು ರಟ್ಟಲ್ಲಿ ಮಾಡಿ ನೋಡ್ಬೇಕಿತ್ತು" ಎಂದರು ಮೇಡಂ. ಆಮೇಲೆ ಗಂಭೀರವಾದರು. "ಇದು ಇಬ್ಬರ ಕೆಲಸ. ಮುದುಕ ಸುಳ್ಳು ಹೇಳ್ತಿದಾನೆ. ಯಾರಿಗೋಸ್ಕರ?"

* * *

ತಮ್ಮನ ಹೆಲ್ಮೆಟ್ ಗುರುತಿಸಬೇಕು ಎಂದು ಹೇಳಿ ಅಣ್ಣನನ್ನು ಬೋಟಿನ ಹತ್ತಿರಕ್ಕೆ ಕರೆಸಿದರು. ಮಾವನೂ ಇದ್ದ. ನಾನು ಬೋಟಿನ ಹೊಟ್ಟೆಯೊಳಗೆ, ಮೇಡಂ ಡೆಕ್ಕಿನ ಮೇಲೆ. ಇಬ್ಬರೂ ಪೆಟ್ಟಿಗೆಯ ಜೊತೆ ಗುದ್ದಾಡುತ್ತಿದ್ದೆವು. ಈ ಸಲವೂ ಇಳಿಯಲಿಲ್ಲ. ನಾಟಕವೇನೂ ಅಲ್ಲ, ನಿಜವಾಗಿಯೂ ಇಳಿಯಲಿಲ್ಲ.

ಅಣ್ಣ ಸ್ವಲ್ಪ ಹೊತ್ತು ನೋಡಿದ. ತುಟಿಯ ಮೇಲೆ ವ್ಯಂಗ್ಯದ ನಗು ಬಂತು. ತಡೆಯಲಾಗಲಿಲ್ಲ.

"ಹಂಗಲ್ಲ ಮೇಡಂ, ಕೊಡಿ ಇಲ್ಲಿ."

ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದ. ಬಲಗಡೆಯ ಮೂಲೆಯನ್ನು ಪಟ್ಟಿಯ ಅಡಿಗೆ ತೂರಿಸಿ ಮಣಿಕಟ್ಟನ್ನು ಒಂದು ಸಲ ತಿರುಗಿಸಿದ. ಪೆಟ್ಟಿಗೆ ಸರ್ರನೆ ಜಾರಿ ನನ್ನ ಮಡಿಲಿಗೆ ಬಂತು.

"ಕಣ್ಣಲ್ಲೂ ನೋಡಿಲ್ಲ ಅಂದಿದ್ರಿ" ಎಂದರು ಮೇಡಂ.

ಅವನ ನಗು ಇಂಗಿತು. "ಇದ್ರಲ್ಲೇನಿದೆ? ಸ್ವಲ್ಪ ಬುದ್ಧಿ ಓಡ್ಸಿದ್ರೆ ಗೊತ್ತಾಗುತ್ತೆ."

"ಬೆಳಿಗ್ಗೆಯಿಂದ ನಾವಿಬ್ರೂ ಓಡಿಸ್ತಾನೇ ಇದೀವಿ. ಕೇಳಿ. ಅಳತೆ ಮಾಡುವಾಗ ಮೇಲೆ ನಿಂತು ಹಿಡಿದೋರು ನೀವು. ಎಷ್ಟು ಹಿಡಿಯುತ್ತೆ ಅನ್ನೋದು ನಿಮಗೆ ಚೆನ್ನಾಗಿ ಗೊತ್ತಿತ್ತು. ಗಾಳಿ ಪೈಪಿನ ತುದಿ ಬಿಚ್ಚಿ ಒಳಗೆ ಬಿಟ್ರಿ. ತಮ್ಮ ಬಟ್ಟೆ ಬದಲಾಯಿಸೋಕೆ ಹೋದಾಗ ಎರಡು ಕ್ಯಾನ್ ಸುರಿದ್ರಿ. ಹಿಡಿದಿದ್ದು ಹಿಡೀತು, ಮಿಕ್ಕಿದ್ದೆಲ್ಲ ಪೈಪಿಂದ ಬೋಟಿನ ತಳಕ್ಕೆ. ಬಂಕಿನ ಪಕ್ಕ ಪೆಟ್ರೋಲ್ ವಾಸನೆ ಬಂದ್ರೆ ಯಾರಿಗೆ ಅನುಮಾನ? ಅವನು ಒಳಗಿನ ಆವಿ ಹೊರಗೆ ತಳ್ಳೋ ಫ್ಯಾನ್ ಹಾಕಿದ್ರೂ ಅಷ್ಟು ಪೆಟ್ರೋಲಿಗೆ ಅದ್ಯಾವ ಲೆಕ್ಕ? ಕೀ ತಿರುಗ್ಸಿದ. ತಪ್ಪು ಹೊರೋಕೆ ಮಾವ ಇದ್ದೇ ಇದ್ರು."

ಮೇಡಂ ಮಾವನ ಕಡೆ ತಿರುಗಿದರು. "ಯಜಮಾನ್ರೇ, ಮೇಲೆ ನಿಂತಿದ್ದು ಯಾರು?"

ಮಾವ ಕೈ ಮುಗಿದ. "ನನ್ನ ವೆಲ್ಡಿಂಗೇ ಸೋರಿತ್ತು ಅಂತ ಬರ್ಕೊಳ್ಳಿ ತಾಯಿ. ಅಕ್ಕನಿಗೆ ಇದ್ದಿದ್ದೇ ಇಬ್ರು. ಒಬ್ಬ ಹೋದ. ಇನ್ನೊಬ್ಬನ್ನ ನಾನೇ ಕೊಟ್ಟು ಅವಳಿಗೆ ಹೆಂಗೆ ಮುಖ ತೋರಿಸ್ಲಿ?"

ಆಗ ಅಣ್ಣ ಬಾಯಿ ಬಿಟ್ಟ.

"ಅವನೇ ಒಪ್ಕೋತಿದಾನಲ್ಲ ಮೇಡಂ! ಬರ್ಕೊಳ್ಳಿ. ವಯಸ್ಸಾಗಿದೆ, ಇನ್ನೆಷ್ಟು ದಿನ ಬದುಕ್ತಾನೆ?"

ಕಳ್ಳರನ್ನು, ಕುಡುಕರನ್ನು, ಹೆಂಡತಿಯನ್ನು ಹೊಡೆಯುವವರನ್ನು ಬೇಕಾದಷ್ಟು ನೋಡಿದ್ದೇನೆ. ಇಷ್ಟು ಅಸಹ್ಯ ಯಾರ ಮೇಲೂ ಹುಟ್ಟಿರಲಿಲ್ಲ.

ಮಾವ ಮುಗಿದ ಕೈಯನ್ನು ಇಳಿಸಿದ. ಸಾಕಿದ ಹುಡುಗನ ಮುಖವನ್ನು ತುಂಬ ಹೊತ್ತು ನೋಡಿದ.

"ಮೇಲೆ ನಿಂತು ಹಿಡಿದಿದ್ದು ಇವನೇ" ಎಂದ. "ರಟ್ಟು ಕತ್ತರಿಸಿಕೊಟ್ಟಿದ್ದೂ ಇವನೇ. 'ನೂರರವತ್ತರ ಮೇಲೆ ಒಂದು ತೊಟ್ಟೂ ಹಿಡಿಯಲ್ಲ ಮಾವ' ಅಂತ ಲೆಕ್ಕ ಹಾಕಿ ಹೇಳಿದ್ದೂ ಇವನೇ."

ಅಣ್ಣ ಕಿರುಚಾಡಿದ. ಬೋಟಿನ ಚಾಲಕನ ಸೀಟು ಮೊದಲು ತನ್ನದಾಗಿತ್ತಂತೆ. ತಮ್ಮ ಬಂದ ಮೇಲೆ ತನ್ನನ್ನು ಕ್ಯಾನ್ ಹೊರಲು ಇಟ್ಟುಕೊಂಡರಂತೆ. ಒಂದು ಸೀಟಿಗಾಗಿ! ಕೈಗೆ ಬೇಡಿ ಹಾಕುವಾಗ ಅವನನ್ನು ಮುಟ್ಟಲೂ ನನಗೆ ಹೇಸಿಗೆಯಾಯಿತು. ಜೀಪಿನಲ್ಲಿ ಕುಳಿತವನು, ಸೆಖೆ, ಕಿಟಕಿ ತೆಗೆಯಿರಿ ಎಂದ.

"ನಿಮ್ಮಕ್ಕನಿಗೆ ನಾನು ಬಂದು ಹೇಳ್ತೀನಿ ಯಜಮಾನ್ರೇ" ಎಂದರು ಮೇಡಂ.

"ಬೇಡಮ್ಮ, ನಾನೇ ಹೇಳ್ತೀನಿ. ಇಬ್ರನ್ನೂ ಸಾಕಿದ್ದು ನಾನೇ ಅಲ್ವಾ."

ಮಾವ ಚಪ್ಪಲಿ ಮೆಟ್ಟಿಕೊಂಡು ಅಕ್ಕನ ಮನೆಯ ಕಡೆ ನಡೆದ.