ಹಳೆಯ ದರಕ್ಕೆ ಎರಡು ಒತ್ತಿ

"ಅದನ್ನ ಆಫ್ ಮಾಡ್ಬೇಡ್ರೀ, ಮೇಡಂ!"

ಸ್ವಿಚ್ಚಿನತ್ತ ಚಾಚಿದ್ದ ನಾಗವೇಣಿಯ ಕೈ ಅಲ್ಲೇ ನಿಂತಿತು. ಆ ದನಿ ಕೇಳಿ ಆರು ವರ್ಷವಾಗಿತ್ತು. ತಿರುಗಿ ನೋಡಬಾರದು ಅಂದುಕೊಂಡಳು... ನೋಡಿಯೇಬಿಟ್ಟಳು!

ತೀರ್ಥೇಶ್. ಕಿವಿಯ ಪಕ್ಕ ನಾಲ್ಕು ಬಿಳಿಕೂದಲು ಬಂದಿತ್ತು. ಚಪ್ಪಲಿ ಹೊರಗೆ ಬಿಟ್ಟು ಬರಬೇಕಾದ ಕೋಣೆ ಅದು. ಅವನ ಕಣ್ಣು ಒಂದು ಕ್ಷಣ ಅವಳ ಬರಿಗಾಲಿನ ಮೇಲೆ ನಿಂತು ಸರಿಯಿತು. ಕಾಲುಂಗುರ ಇರಲಿಲ್ಲ.

ಶಿಕಾರಿಪುರದ ಹೊರಗೆ, ಮೆಕ್ಕೆಜೋಳದ ಹೊಲಗಳ ಮಗ್ಗುಲಲ್ಲಿದ್ದ ಆ ಸಣ್ಣ ಡೇಟಾ ಸೆಂಟರ್‌ನ ಆಡಿಟ್‌ಗೆ ಅವಳು ಬಂದಿದ್ದಳು. ಬ್ಯಾಟರಿ, ಜನರೇಟರ್, ಬೀಗ, ಎಲ್ಲವನ್ನೂ ಬೆಳಗಿನಿಂದ ನೋಡಿದ್ದಾಯಿತು. "ಆಡಿಟ್ ಅಂದ್ರೆ ತಪ್ಪು ಹುಡುಕೋದು, ಅಷ್ಟೇ ಅಲ್ಲೇನ್ರೀ?" ಎಂದು ಮ್ಯಾನೇಜರ್ ಮಹೇಶ್ವರಪ್ಪ ಮುಖ ಗಂಟಿಕ್ಕಿದ್ದರು. ಉಸ್ತುವಾರಿ ನೋಡುವವರು ಮಧ್ಯಾಹ್ನ ಬರುತ್ತಾರೆ ಅಂದಿದ್ದರು. ಅವರ ಹೆಸರನ್ನೂ ಹೇಳಬಾರದಿತ್ತೇ!

"ಈ ಕಂಪ್ಯೂಟರ್ ಪಟ್ಟಿಯಲ್ಲೇ ಇಲ್ಲ. ಯಾರದ್ದೂ ಅಲ್ಲದ್ದು ಇಲ್ಲಿರೋ ಹಾಗಿಲ್ಲ. ಇವತ್ತೇ ಅಳಿಸಬೇಕು."

"ಅಳಿಸಕ್ಕಾಗಲ್ಲ."

"ಯಾಕೆ? ಅಳಿಸೋದು ನಿಮಗೇನು ಹೊಸದಾ?"

ಅವನು ತಲೆ ತಗ್ಗಿಸಿದ.

ಆರು ವರ್ಷದ ಹಿಂದೆ ಜಡೆ ಊರಿನ ಹುಚ್ಚರಾಯಪ್ಪ, ಅಂದರೆ ನಾಗವೇಣಿಯ ಅಪ್ಪ, ಸೊರಬದ ಸುತ್ತಲಿನ ರೈತರಿಗೆ ಒಂದು ದನಿ. ಮೊದಲ ಬಸ್ಸಿಗೆ ಸೊರಬದ ಮಾರ್ಕೆಟ್‌ಗೆ ಹೋಗಿ ಅಡಿಕೆ, ಭತ್ತದ ದರ ತಿಳಿದು, ಅಲ್ಲೇ ಫೋನಿನಲ್ಲಿ ದರ ತಿಳಿಸುವ ಕಂಪನಿಯ ರೂಮಿನಲ್ಲಿ ಕೂತು ಹೇಳುತ್ತಿದ್ದರು. ಫೋನ್ ಮಾಡಿದವರಿಗೆಲ್ಲ ಅದು ಕೇಳುತ್ತಿತ್ತು. ಕೊನೆಗೆ ಮನೆಯವರ ಹಾಗೆ ಒಂದು ಮಾತು ಬೇರೆ... "ಮೋಡ ಆಗ್ಯದೆ, ಅಂಗಳದ ಭತ್ತ ಒಳಗೆ ತಗಳ್ರಿ!"

ಅದನ್ನು ರೆಕಾರ್ಡ್ ಮಾಡುತ್ತಿದ್ದವನು ತಾಳಗುಂದದ ತೀರ್ಥೇಶ್. ಅಪ್ಪನಿಗೆ ಬುತ್ತಿ ತರುವ ಮಗಳು ನಿಜಕ್ಕೂ ಯಾರನ್ನು ನೋಡಲು ಬರುತ್ತಾಳೆಂದು ಬಸ್ಸಿನ ಕಂಡಕ್ಟರಿಗೂ ಗೊತ್ತಿತ್ತು!

ಅಪ್ಪ ಇದ್ದಕ್ಕಿದ್ದಂತೆ ತೀರಿಕೊಂಡ ಮೇಲೂ 'ಹಳೆಯ ದರಕ್ಕೆ ಎರಡು ಒತ್ತಿ' ಎನ್ನುವಲ್ಲಿ ಅವರ ದನಿ ಉಳಿದಿತ್ತು. ನಾಗವೇಣಿ ದಿನಾ ಎರಡು ಒತ್ತಿದಳು. ಹನ್ನೊಂದನೆಯ ದಿನ ಯಾವುದೋ ಯಂತ್ರ ಮಾತಾಡಿತು. ಅಳಿಸಿದವನು ತೀರ್ಥೇಶ್ ಎಂದು ತಿಳಿದದ್ದೇ, ಮನೆಗೆ ಬಂದವನ ಮುಖದ ಮೇಲೆ ಬಾಗಿಲು ಹಾಕಿದಳು. ಒಂದಲ್ಲ, ಮೂರು ಸಲ.

ಈಗ ತೀರ್ಥೇಶ್ ಹೆಡ್‌ಫೋನ್ ಮುಂದೆ ಹಿಡಿದ. "ಅಳಿಸೋಕೆ ಮುಂಚೆ ಒಂದ್ಸಲ ಕೇಳ್ರಿ."

'ನಮಸ್ಕಾರ್ರೀ, ಸೊರಬದಿಂದ ಹುಚ್ಚರಾಯಪ್ಪ ಮಾತಾಡ್ತಿದೀನಿ...'

ಅಪ್ಪಾ...!

ಅವಳು ಹೆಡ್‌ಫೋನನ್ನು ಎರಡೂ ಕೈಯಿಂದ ಕಿವಿಗೆ ಒತ್ತಿಕೊಂಡು ನೆಲದ ಮೇಲೆ ಕೂತಳು. ಕಣ್ಣೀರು ತಡೆಯಲಾಗಲಿಲ್ಲ.

"ಅಳಿಸು ಅಂತ ಮೇಲಿಂದ ಆರ್ಡರ್ ಬಂತು, ನಾಗು. ಅಳಿಸ್ದೆ, ಸುಳ್ಳು ಹೇಳಲ್ಲ. ಅದಕ್ಕೂ ಮೊದ್ಲು ಎಲ್ಲಾನೂ ನನ್ನ ಕಂಪ್ಯೂಟರಿಗೆ ತುಂಬ್ಕಂಡೆ. ಅದನ್ನ ಹೇಳಾಕೇ ಜಡೆಗೆ ಬಂದಿದ್ದೆ. ಇಲ್ಲಿ ಕರೆಂಟ್ ಹೋಗಲ್ಲ ಅಂತ ಇಲ್ಲಿಗೂ ಹೊತ್ಕಂಡು ಬಂದೆ."

ಆರು ವರ್ಷ... ಒಂದು ಸಲ ಬಾಗಿಲು ತೆಗೆದಿದ್ದರೆ! ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

"ಕೊನೇದು ಹಾಕು," ಅಂದಳು. ಅಪ್ಪ ಹೋಗುವ ಹಿಂದಿನ ಸಂಜೆಯದು. "ಬೆಳಗಾಗೋದ್ರೊಳಗೆ ಅವರೇ ಹೋಗ್ಬಿಟ್ರು. ಇದನ್ನ ಫೋನಿಗೆ ಹಾಕ್ಲೇ ಇಲ್ಲ, ಯಾರೂ ಕೇಳಿಲ್ಲ," ಅಂದ ಅವನು.

ಪರದೆ ಕಪ್ಪಾಗಿ ನಿಂತಿತು. ಕಂಪ್ಯೂಟರಿಗೆ ಆ ರೆಕಾರ್ಡಿಂಗ್ ಓದಲಾಗುತ್ತಿಲ್ಲ!

ತಟ್ಟನೆ ಅವಳೊಳಗಿನ ಆಡಿಟರ್ ಎದ್ದು ಕೂತಳು. "ಡಿಸ್ಕ್ ಕೆಡ್ತಾ ಇದೆ! ಯಾವಾಗ ಪರೀಕ್ಷೆ ಮಾಡಿದ್ದೆ? ಇನ್ನೊಂದು ಕಾಪಿ ಎಲ್ಲಿ?"

"ಇಲ್ಲ... ಇದೊಂದೇ..."

"ಒಂದೇನಾ! ಏಳು ಬೇಗ, ಹೊಸ ಡಿಸ್ಕ್ ತಗೊಂಡು ಬಾ!"

ತಂದಿಟ್ಟ ಚಹಾ ಆರಿಹೋಯಿತು. ಇಬ್ಬರೂ ಒಂದೊಂದೇ ರೆಕಾರ್ಡಿಂಗ್ ಉಳಿಸಿಕೊಳ್ಳುತ್ತ ಕೂತರು. ಕೊನೆಯದು ನಾಲ್ಕನೇ ಯತ್ನಕ್ಕೆ ಮಾತಾಡಿತು.

'...ನಾಳೆ ದರ ತೀರ್ಥೇಶನೇ ಹೇಳ್ತಾನ್ರೀ. ನಾನು ತಾಳಗುಂದಕ್ಕೆ ಹೋಗ್ಬೇಕು, ಮಗಳ ಮಾತುಕತೆ ಅದೆ. ಹುಡುಗ ನನ್ನೆದುರಿಗೇ ಕೂತಿದಾನೆ. ನಾಚ್ಕೆ ನೋಡ್ರಿ ಅವಂದು!'

ನಾಗವೇಣಿ ಅಳುತ್ತಲೇ ನಕ್ಕಳು. ಅಪ್ಪನಿಗೆ ಎಲ್ಲ ಗೊತ್ತಿತ್ತು!

"ಏನ್ರೀ, ತಪ್ಪು ಸಿಕ್ತಾ?" ಬಾಗಿಲಲ್ಲಿ ಮಹೇಶ್ವರಪ್ಪ.

"ಸಿಕ್ತು ಸರ್," ಕಣ್ಣೊರೆಸಿಕೊಂಡಳು. "ಇವತ್ತು ಹುಡುಕದೇ ಇದ್ದಿದ್ರೆ ನಮ್ಮಪ್ಪ ಎರಡನೇ ಸಲ ಹೋಗ್ಬಿಡ್ತಿದ್ರು."

ಅವರಿಗೆ ಏನೂ ಅರ್ಥವಾಗಲಿಲ್ಲ. ತಲೆ ಕೆರೆದುಕೊಂಡು ಹೋದರು.

ಅವಳು ವರದಿಯಲ್ಲಿ ಏನನ್ನೂ ಮುಚ್ಚಿಡಲಿಲ್ಲ. ಅನುಮತಿಯಿಲ್ಲದ ಸ್ವಂತ ಕಂಪ್ಯೂಟರ್ ಎಂದೂ ಬರೆದಳು, ಅದರೊಳಗಿರುವುದು ತನ್ನ ತಂದೆಯ ದನಿ ಎಂದೂ ಬರೆದಳು. ಆಮೇಲೆ ತಲೆಯೆತ್ತಿದಳು.

"ಇದು ಇಲ್ಲಿಂದ ಹೋಗ್ಲೇಬೇಕು, ತೀರ್ಥೇಶ್. ಎಲ್ಲಿಗೆ ಅಂತ ಬರೀಲಿ?"

"ನಿಮ್ಮಪ್ಪಂದು. ಜಡೆಗೇ ತಗೊಂಡ್ಹೋಗು." ಅವನ ದನಿ ಸಣ್ಣದಾಯಿತು.

"ಬೇಡ. ತಾಳಗುಂದಕ್ಕೆ." ಅವಳು ಬರೆಯತೊಡಗಿದಳು. "ಅಪ್ಪ ಅಲ್ಲಿಗೇ ಹೊರಟಿದ್ರಲ್ಲ... ಕರ್ಕೊಂಡು ಹೋಗೋಣ."

ಅವನು ಹೆಡ್‌ಫೋನ್ ಕೆಳಗಿಟ್ಟು ಅವಳನ್ನೇ ನೋಡಿದ.

"ನೀನೂ... ಬರ್ತೀಯಾ?"

"ಮಾತುಕತೆ ನಂದಲ್ವೇನೋ, ಮಾರಾಯಾ!"